ಬಡವ-ಶ್ರೀಮಂತರ ಅಂತರದ ಬಗ್ಗೆ ವಾದಿಸುವ ಮುನ್ನ ಹಾಕಬೇಕಾದ ಲೆಕ್ಕ

"ಬಡವರಿಗೆ ದುಡಿಯಲು ಮನಸ್ಸಿಲ್ಲ", "ಶ್ರೀಮಂತರೇ ಎಲ್ಲ ನುಂಗಿದರು", "ಹೊರೆಯೆಲ್ಲ ಮಧ್ಯಮ ವರ್ಗದ ಮೇಲೆ". ಈ ಮೂರು ಮಾತಿನ ಸುತ್ತ ಎದ್ದ ಜಗಳ ಬಗೆಹರಿಯುವುದೇ ಇಲ್ಲ. ಒಬ್ಬರು ಆದಾಯದ ಮಾತಾಡುತ್ತಿದ್ದರೆ ಇನ್ನೊಬ್ಬರು ಆಸ್ತಿಯ ಮಾತಾಡುತ್ತಿರುತ್ತಾರೆ. ಅದನ್ನು ಬಿಡಿಸಿಕೊಳ್ಳುವುದೇ ಮೊದಲ ಕೆಲಸ.

ಆದಾಯ ಎಂದರೆ ತಿಂಗಳಿಗೋ ವರ್ಷಕ್ಕೋ ಬರುವ ಹಣ. ಸಂಪತ್ತು ಎಂದರೆ ಒಂದು ನಿರ್ದಿಷ್ಟ ದಿನ ಇರುವ ಮನೆ, ಜಮೀನು, ಷೇರು, ಠೇವಣಿಗಳ ಮೌಲ್ಯದಲ್ಲಿ ಸಾಲ ಕಳೆದು ಉಳಿಯುವುದು. ಶಿಕ್ಷಣ ಸಾಲ ಹೊತ್ತ ಹೊಸ ವೈದ್ಯರ ಆದಾಯ ಚೆನ್ನಾಗಿದ್ದರೂ ಸಂಪತ್ತು ಸೊನ್ನೆಗಿಂತ ಕೆಳಗಿರಬಹುದು. ಸ್ವಂತ ಮನೆಯಿರುವ ನಿವೃತ್ತರದ್ದು ಇದಕ್ಕೆ ತದ್ವಿರುದ್ಧ. ಸಂಪತ್ತು ಪಿತ್ರಾರ್ಜಿತವಾಗಿ ಬರುತ್ತದೆ, ತಾನೇ ಇನ್ನಷ್ಟು ಆದಾಯ ತರುತ್ತದೆ. ಆದ್ದರಿಂದ ಸಂಪತ್ತಿನ ಅಸಮಾನತೆ ಸಾಮಾನ್ಯವಾಗಿ ಆದಾಯದ್ದಕ್ಕಿಂತ ಬಹಳ ಹೆಚ್ಚು. ಎರಡರ ಅಂಕಿಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಬೇಡಿ.

ಎರಡನೆಯದು, ಲೆಕ್ಕ ತಲೆಗೋ ಮನೆಗೋ? 40 ಸಾವಿರ ಆದಾಯದಲ್ಲಿ ಒಬ್ಬರೇ ಬದುಕುವುದೂ ನಾಲ್ವರು ಬದುಕುವುದೂ ಒಂದೇ ಅಲ್ಲ. ಹಾಗೆಂದು ನಾಲ್ಕರಿಂದ ಭಾಗಿಸಿದರೂ ತಪ್ಪೇ, ಏಕೆಂದರೆ ಸೂರು, ಒಲೆ, ದೀಪವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಮುಂದುವರಿದ ದೇಶಗಳೇ ಹೆಚ್ಚಿರುವ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಬಳಸುವ ಸರಳ ದಾರಿಯೆಂದರೆ ಮನೆಮಂದಿಯ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವುದು. ನಾಲ್ವರ ಮನೆಗೆ 40÷2, ಅಂದರೆ 20 ಸಾವಿರ. "ನಾವು ಮಧ್ಯಮ ವರ್ಗ" ಎನ್ನುವ ಮುನ್ನ ಈ ಅಂಕಿಯನ್ನು ದೇಶದ ಮಧ್ಯಾಂಕದ (ಎಲ್ಲರನ್ನೂ ಆದಾಯದ ಏರಿಕೆ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಆದಾಯ) ಪಕ್ಕದಲ್ಲಿಟ್ಟು ನೋಡಿ. ಸರಾಸರಿಯ ಪಕ್ಕದಲ್ಲಲ್ಲ.

ಏಕೆಂದು ಐದು ಮನೆಗಳ ಲೆಕ್ಕದಲ್ಲಿ ತಿಳಿಯುತ್ತದೆ. ಆದಾಯ 10, 15, 20, 25, 130. ಒಟ್ಟು 200, ಸರಾಸರಿ 40, ಆದರೆ ನಡುವಿನ ಮನೆಗೆ ಬರುವುದು 20. ಐದರಲ್ಲಿ ನಾಲ್ಕು ಮನೆಗಳು "ಸರಾಸರಿಗಿಂತ ಕೆಳಗೆ". ಈಗ ಅಸಮಾನತೆ ಅಳೆಯಲು ಇಟಲಿಯ ಸಂಖ್ಯಾಶಾಸ್ತ್ರಜ್ಞ ಕೊರಾಡೊ ಗಿನಿ 1912ರಲ್ಲಿ ಮುಂದಿಟ್ಟ ಗಿನಿ ಸೂಚ್ಯಂಕ ಕಂಡುಹಿಡಿಯೋಣ. ಆದಾಯಗಳನ್ನು ಏರಿಕೆ ಕ್ರಮದಲ್ಲಿಟ್ಟು ಆಯಾ ಸ್ಥಾನದಿಂದ ಗುಣಿಸಿ ಕೂಡಿಸಿ: 10+30+60+100+650=850. ಅದರ ಎರಡರಷ್ಟನ್ನು, ಅಂದರೆ 1700ನ್ನು, ಮನೆಗಳ ಸಂಖ್ಯೆ ಮತ್ತು ಒಟ್ಟು ಆದಾಯದ ಗುಣಲಬ್ಧದಿಂದ (5×200=1000) ಭಾಗಿಸಿ: 1.7. ಅದರಲ್ಲಿ (ಮನೆಗಳ ಸಂಖ್ಯೆ+1)÷ಮನೆಗಳ ಸಂಖ್ಯೆ, ಇಲ್ಲಿ 6/5, ಅಂದರೆ 1.2 ಕಳೆಯಿರಿ. ಉತ್ತರ 0.5. ಸೊನ್ನೆಯೆಂದರೆ ಪೂರ್ಣ ಸಮಾನತೆ. ಎಲ್ಲವೂ ಒಬ್ಬರದೇ ಆದರೆ 1ರ ಸಮೀಪ, ಆದರೆ ಐದೇ ಮನೆಗಳಿದ್ದರೆ ಗರಿಷ್ಠ 0.8. ಚಿಕ್ಕ ಗುಂಪಿನ ಗಿನಿಯನ್ನು ದೇಶದ ಗಿನಿಗೆ ಹೋಲಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ಎಲ್ಲರ ಆದಾಯ ಇಮ್ಮಡಿಯಾಯಿತು ಎನ್ನಿ. ಗಿನಿ 0.5ರಲ್ಲೇ ನಿಲ್ಲುತ್ತದೆ, ಆದರೆ ಮೇಲಿನ ಮತ್ತು ಕೆಳಗಿನ ಮನೆಗಳ ಅಂತರ 120ರಿಂದ 240ಕ್ಕೆ ಏರುತ್ತದೆ. "ಅಸಮಾನತೆ ಬದಲಾಗಿಲ್ಲ", "ಅಂತರ ದುಪ್ಪಟ್ಟಾಗಿದೆ", ಎರಡೂ ನಿಜ. ಹೇಳುವವರು ಯಾವುದನ್ನು ಅಳೆದರು ಎಂದು ಕೇಳಿ. ಗಿನಿ ಒಂದೇ ಅಂಕಿಯಾದ್ದರಿಂದ ಅಂತರ ಎಲ್ಲಿದೆ ಎಂಬುದನ್ನು ಅದು ತೋರಿಸುವುದಿಲ್ಲ. ಜೊತೆಗೆ ಪಾಲ್ಮಾ ಅನುಪಾತವನ್ನೂ ನೋಡಿ. ಅದು ಮೇಲಿನ ಶೇ. 10ರವರ ಪಾಲನ್ನು ಕೆಳಗಿನ ಶೇ. 40ರವರ ಪಾಲಿನಿಂದ ಭಾಗಿಸಿದ್ದು.

ಅಂಕಿ ಎಲ್ಲಿಂದ ಬಂತು ಎಂಬುದೂ ಮುಖ್ಯ. ಮನೆಮನೆ ಸಮೀಕ್ಷೆಯಲ್ಲಿ ಅತಿ ಶ್ರೀಮಂತರು ಸಿಗುವುದೇ ಅಪರೂಪ. ತೆರಿಗೆ ದಾಖಲೆಯಲ್ಲಿ ಬಡವರೂ ಇರುವುದಿಲ್ಲ, ಮುಚ್ಚಿಟ್ಟ ಹಣವೂ ಇರುವುದಿಲ್ಲ. ಖರ್ಚಿನ ಸಮೀಕ್ಷೆ ಅಂತರವನ್ನು ಇನ್ನೂ ಚಿಕ್ಕದಾಗಿ ತೋರಿಸುತ್ತದೆ, ಏಕೆಂದರೆ ಉಳ್ಳವರು ಆದಾಯದ ದೊಡ್ಡ ಭಾಗವನ್ನು ಉಳಿಸುತ್ತಾರೆ. ಒಂದು ದೇಶದ ಖರ್ಚಿನ ಗಿನಿಯನ್ನು ಮತ್ತೊಂದರ ಆದಾಯದ ಗಿನಿಯೊಂದಿಗೆ ಹೋಲಿಸಿ ಬೀಗುವುದು ಶುದ್ಧ ತಪ್ಪು.

ಇನ್ನು ತೆರಿಗೆ ಮತ್ತು ಸಹಾಯ ಯೋಜನೆಗಳ ವಿಚಾರ. "ಸ್ಲ್ಯಾಬ್ ದಾಟಿದರೆ ಕೈಗೆ ಬರುವುದೇ ಕಡಿಮೆ" ಎಂಬ ನಂಬಿಕೆ ಹಂತಹಂತದ ತೆರಿಗೆಯಲ್ಲಿ ಸುಳ್ಳು. 100ರವರೆಗೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ. 30 ಎಂದಿದ್ದರೆ 101 ಗಳಿಸಿದವರು ಕಟ್ಟುವುದು ಕೇವಲ 0.3. ಇದೇ ಭಯ ಸಹಾಯಧನದಲ್ಲಿ ಮಾತ್ರ ನಿಜವಾಗುತ್ತದೆ. 100ರವರೆಗೆ ಗಳಿಸುವವರಿಗೆ 30 ಕೊಟ್ಟು ಅದರಾಚೆ ಪೂರ್ತಿ ನಿಲ್ಲಿಸಿದರೆ, 100 ಗಳಿಸಿದವರ ಕೈಯಲ್ಲಿ 130, 101 ಗಳಿಸಿದವರ ಕೈಯಲ್ಲಿ 100.7. ಅಂಥವರು ಹೆಚ್ಚುವರಿ ಪಾಳಿ ಬೇಡವೆಂದರೆ ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಬದಲಿಗೆ, ದಾಟಿದ ಪ್ರತಿ 1ಕ್ಕೆ 0.5ರಂತೆ ಸಹಾಯ ಇಳಿಸಿ 160ಕ್ಕೆ ಮುಗಿಸಬಹುದು. ಆದರೆ ತೆರಿಗೆಯೂ ಸೇರಿದರೆ ಹೊಸದಾಗಿ ಗಳಿಸಿದ 1ರಲ್ಲಿ ಉಳಿಯುವುದು 0.2 ಮಾತ್ರ. ಆದ್ದರಿಂದ ಸಹಾಯ ಇಳಿಯುವ ಹಂತದಲ್ಲಿ ತೆರಿಗೆ ಇರಬಾರದು.

ಕೊನೆಗೆ ಫಲಾನುಭವಿಗಳ ಪಟ್ಟಿ. ನೂರು ಮನೆಗಳಲ್ಲಿ 30 ಬಡ ಮನೆಗಳಿದ್ದು, ಪಟ್ಟಿಯ 30ರಲ್ಲಿ 21 ಮಾತ್ರ ಅವುಗಳದ್ದಾದರೆ 9 ಅರ್ಹರು ಹೊರಗೆ, 9 ಅನರ್ಹರು ಒಳಗೆ. ಸುದ್ದಿಯಾಗುವುದು ಒಳಗಿನ ಒಂಬತ್ತು. ಹಸಿದಿರುವುದು ಹೊರಗಿನ ಒಂಬತ್ತು. ಷರತ್ತು ಬಿಗಿ ಮಾಡಿದರೆ ಒಳಗಿನ ಅನರ್ಹರ ಸಂಖ್ಯೆ ತಗ್ಗುತ್ತದೆ, ಹೊರಗುಳಿದ ಅರ್ಹರ ಸಂಖ್ಯೆ ಸಾಮಾನ್ಯವಾಗಿ ಏರುತ್ತದೆ. ಯೋಜನೆಯ ಬಗ್ಗೆ ಅಭಿಪ್ರಾಯ ಹೇಳುವ ಮುನ್ನ ಎರಡೂ ಅಂಕಿ ಕೇಳಿ. ಪಟ್ಟಿ ಪರಿಷ್ಕರಿಸಿ ಎಷ್ಟು ವರ್ಷವಾಯಿತು, ಹೆಸರು ಬಿಟ್ಟುಹೋದವರು ಎಲ್ಲಿ ಮೇಲ್ಮನವಿ ಸಲ್ಲಿಸಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ ಎಂಬುದನ್ನೂ ಕೇಳಿ.