ಕಟ್ಟಿಸಿಕೊಂಡು ಬಿಡಿಸಿಕೊಳ್ಳುವ ಜಾದೂ: ಊರಿನ ವೇದಿಕೆಗೆ ಹೊರಟ ಹವ್ಯಾಸಿಗಳಿಗೆ

ಕೈಕಾಲು ಕಟ್ಟಿಸಿಕೊಂಡು ಬಿಡಿಸಿಕೊಳ್ಳುವ ಆಟದಲ್ಲಿ ಪ್ರೇಕ್ಷಕರ ಕಣ್ಣಿಗೆ ಬೀಳುವುದು ಕಟ್ಟುವ ಕೆಲಸ ಮಾತ್ರ. ಬಿಡಿಸಿಕೊಳ್ಳುವುದು ಬಟ್ಟೆಯ ಮರೆಯಲ್ಲಿಯೋ ಬೆನ್ನ ಹಿಂದೆಯೋ ನಡೆದುಹೋಗುತ್ತದೆ. ಹೊಸದಾಗಿ ಕಲಿತವರು ಇದನ್ನು ಮರೆತು, ತಿಂಗಳುಗಟ್ಟಲೆ ಬಿಡಿಸಿಕೊಳ್ಳುವುದನ್ನೇ ಅಭ್ಯಾಸ ಮಾಡಿ, ವೇದಿಕೆಯಲ್ಲಿ ಅರ್ಧ ನಿಮಿಷದಲ್ಲಿ ಕಟ್ಟಿಸಿಕೊಂಡು ಹತ್ತು ಸೆಕೆಂಡಿನಲ್ಲಿ ಹೊರಬರುತ್ತಾರೆ. ಆಗ ಜನ ಬೆರಗಾಗುವುದಿಲ್ಲ, ಗಂಟು ಸಡಿಲವಾಗಿತ್ತೆಂದು ತೀರ್ಮಾನಿಸುತ್ತಾರೆ. ಮಂಗಳೂರು ಮತ್ತು ಉಡುಪಿ ಕಡೆಯ ಗಣೇಶೋತ್ಸವ, ಶಾಲಾ ವಾರ್ಷಿಕೋತ್ಸವ, ಯುವಕ ಮಂಡಲದ ಕಾರ್ಯಕ್ರಮಗಳಲ್ಲಿ ಹವ್ಯಾಸಿಯಾಗಿ ಈ ಆಟಗಳನ್ನು ಮಾಡುತ್ತ ಬಂದಿರುವ ನಾನು, ಹಗ್ಗ ಕೊಳ್ಳುವಲ್ಲಿಂದ ಮೊದಲ್ಗೊಂಡು ಕಟ್ಟುವವರನ್ನು ಆರಿಸುವವರೆಗೆ ಗಮನಿಸಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ. ಇಲ್ಲಿ ವಿವರಿಸಿರುವ ತಂತ್ರಗಳು ಬಹಳ ಹಳೆಯವು, ಕಲಿಯುವ ಎಲ್ಲರಿಗೂ ತೆರೆದಿರುವಂಥವು. ಇಂದಿನ ಜಾದೂಗಾರರು ತಮ್ಮ ಬುದ್ಧಿಯಿಂದ ಕಟ್ಟಿಕೊಂಡ ಆಟಗಳ ಗುಟ್ಟನ್ನು ಬರೆಯುವುದು ಸರಿಯಲ್ಲ.

ಮೊದಲು ಹಗ್ಗ. ತೆಂಗಿನ ನಾರಿನ ಹಗ್ಗ ದೂರದಿಂದ ಒರಟಾಗಿ, ನಂಬುವಂತೆ ಕಾಣುತ್ತದೆ, ಆದರೆ ಮಣಿಕಟ್ಟಿನ ಚರ್ಮವನ್ನು ತರಚುತ್ತದೆ ಮತ್ತು ಜಾರುವುದಿಲ್ಲ. ದೋಣಿಗಳಲ್ಲಿ ಬಳಸುವ ನೈಲಾನ್ ಹಗ್ಗ ವಿಪರೀತ ಜಾರುವುದರಿಂದ ಗಂಟು ನಿಲ್ಲುವುದೇ ಇಲ್ಲ. ಕಿರುಬೆರಳಿನ ದಪ್ಪದ, ಮೆದುವಾದ ಬಿಳಿ ಹತ್ತಿಯ ಹಗ್ಗವೇ ಸರಿಯಾದದ್ದು. ಒಳಗೆ ತಿರುಳಿನ ಎಳೆಗಳಿದ್ದರೆ ಅವನ್ನು ಎಳೆದು ತೆಗೆದರೆ ಹಗ್ಗ ಇನ್ನಷ್ಟು ಮೆದುವಾಗುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೊಂದು ತೊಡಕಿದೆ. ಹತ್ತಿ ಒದ್ದೆಯಾದರೆ ಉಬ್ಬಿ ಗಂಟು ಬಿಗಿಯುತ್ತದೆ, ಚೌತಿಯ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಮಳೆ ಇಲ್ಲದ ದಿನವೂ ಅಂಗೈ ಬೆವರುತ್ತದೆ. ಆದ್ದರಿಂದ ಹಗ್ಗವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ದು, ವೇದಿಕೆಗೆ ಹೋಗುವ ಮುನ್ನವಷ್ಟೇ ಹೊರತೆಗೆಯಬೇಕು. ಇಸ್ಪೀಟಿನ ಎಲೆಗಳೂ ಇದೇ ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಮಳೆಗಾಲದಲ್ಲಿ ಎಲೆಯ ಆಟಗಳನ್ನು ಬಿಟ್ಟು ಹಗ್ಗದ ಆಟಗಳಿಗೆ ನಾನು ಬಂದದ್ದಕ್ಕೆ ಅದೂ ಒಂದು ಕಾರಣ.

ಕಲಿಯಲು ಮೊದಲ ಆಟವೆಂದರೆ ಕರವಸ್ತ್ರದಿಂದ ಕಟ್ಟಿದ ಕೈಗಳ ನಡುವಿನಿಂದ ಹಗ್ಗವನ್ನು ಹೊರತರುವುದು. ಎರಡು ಮಣಿಕಟ್ಟುಗಳನ್ನೂ ಜೋಡಿಸಿ ಹಿಡಿದು ದೊಡ್ಡ ಕರವಸ್ತ್ರದಿಂದ ಸುತ್ತಿ ಕಟ್ಟಿಸಿಕೊಳ್ಳಿ. ಬಳಿಕ ನಾಲ್ಕು ಮೀಟರ್ ಉದ್ದದ ಹಗ್ಗವನ್ನು ನಿಮ್ಮ ಮುಂಗೈಗಳ ನಡುವೆ, ಕರವಸ್ತ್ರದ ಹಿಂದಿನಿಂದ ತೂರಿಸಿ, ಅದರ ಎರಡೂ ತುದಿಗಳನ್ನು ಎದುರು ನಿಂತ ಪ್ರೇಕ್ಷಕರ ಕೈಗೆ ಕೊಡಬೇಕು. ನೋಡುವವರಿಗೆ, ಕರವಸ್ತ್ರ ಬಿಚ್ಚದೆ ಹಗ್ಗ ಹೊರಬರುವುದು ಅಸಾಧ್ಯವೆಂದೇ ತೋರುತ್ತದೆ. ಹಗ್ಗ ಹಿಡಿದವರನ್ನು ಒಂದು ಹೆಜ್ಜೆ ಮುಂದೆ ಬರುವಂತೆ ಕೇಳಿಕೊಂಡರೆ ಬೇಕಾದ ಸಡಿಲ ಸಿಗುತ್ತದೆ. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜುತ್ತ ಹಗ್ಗದ ನಡುಭಾಗವನ್ನು ಕರವಸ್ತ್ರದೊಳಗಿನಿಂದ ಅಂಗೈಗಳ ಕಡೆಗೆ ಕುಣಿಕೆಯಂತೆ ಮೇಲೆಳೆದುಕೊಂಡು, ಆ ಕುಣಿಕೆಯೊಳಗೆ ಒಂದು ಕೈಯನ್ನು ತೂರಿಸಿದರೆ ಕುಣಿಕೆ ಆ ಕೈಯ ಹಿಂಬದಿಗೆ ಬರುತ್ತದೆ. ಈಗ ಎದುರಿನವರು ಎಳೆದೊಡನೆ ಹಗ್ಗ ಮಣಿಕಟ್ಟಿನ ಹೊರಬದಿಯಲ್ಲಿ ಕರವಸ್ತ್ರದ ಅಡಿಯಿಂದ ಜಾರಿ ಬಿಡುಗಡೆಯಾಗುತ್ತದೆ, ಕರವಸ್ತ್ರದ ಗಂಟು ಹಾಗೆಯೇ ಉಳಿಯುತ್ತದೆ. ನೂರು ಸಲ ಮಾಡಿದ ಮೇಲೆ ಕೈ ತಾನಾಗಿ ಕಲಿತುಕೊಳ್ಳುತ್ತದೆ.

ಕೈಗಳ ಮೇಲೆ ಮುಚ್ಚಲು ಒಂದು ಬೈರಾಸು (ಮೈ ಒರೆಸುವ ಬಟ್ಟೆ) ಸಾಕು, ಆದರೆ ಅದಕ್ಕಿಂತ ಚೆಂದದ ಉಪಾಯ ಯಕ್ಷಗಾನದಲ್ಲಿದೆ. ವೇಷಗಳು ರಂಗಕ್ಕೆ ಬರುವ ಒಡ್ಡೋಲಗದಲ್ಲಿ ಇಬ್ಬರು ತೆರೆ ಹಿಡಿದು ನಿಂತಾಗ, ಅದರ ಹಿಂದಿರುವ ವೇಷ ಸ್ವಲ್ಪ ಸ್ವಲ್ಪವೇ ಕಾಣಿಸಿಕೊಂಡು ನೋಡುವವರ ಕುತೂಹಲ ಹೆಚ್ಚಿಸುತ್ತದೆ. ಹಾಗೆಯೇ ಎದೆಯೆತ್ತರಕ್ಕೆ ಇಬ್ಬರಿಂದ ಬಟ್ಟೆ ಹಿಡಿಸಿ, ನಿಮ್ಮ ಮುಖ ಮತ್ತು ಪಾದಗಳು ಸದಾ ಕಾಣುವಂತೆ ನಿಂತು ಮಾತಾಡುತ್ತಿದ್ದರೆ, ಮರೆಯಲ್ಲಿ ಬೇರೆ ಯಾರೋ ಬಂದು ಬಿಡಿಸಿದರೆಂಬ ಸಂಶಯಕ್ಕೆ ಎಡೆ ಇರುವುದಿಲ್ಲ. ಪೂರ್ತಿ ಮುಚ್ಚುವ ಪೆಟ್ಟಿಗೆಗಿಂತ ಈ ಅರ್ಧ ಮರೆಯೇ ನಮ್ಮ ಊರಿನ ಜನರಿಗೆ ಹೆಚ್ಚು ಹಿಡಿಸುತ್ತದೆ ಎಂಬುದು ನನ್ನ ಅನುಭವ.

ಎರಡನೆಯದು ಹಗ್ಗಗಳು ದೇಹವನ್ನು ಸೀಳಿಕೊಂಡು ಹೊರಬಂದಂತೆ ತೋರುವ ಆಟ. ತಲಾ ನಾಲ್ಕು ಮೀಟರಿನ ಎರಡು ಹಗ್ಗಗಳನ್ನು ಬೇರೆ ಬೇರೆಯಾಗಿ ನಡುವಿಗೆ ಮಡಚಿ, ಎರಡು ಮಡಿಕೆಗಳನ್ನೂ ಎದುರುಬದುರಾಗಿ ಜೋಡಿಸಿ ಬಿಳಿಯ ಹೊಲಿಗೆ ದಾರದಿಂದ ಎರಡು ಸುತ್ತು ಕಟ್ಟಬೇಕು. ಆ ಜಾಗವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಎರಡು ಉದ್ದನೆಯ ಹಗ್ಗಗಳು ಸಮಾನಾಂತರವಾಗಿ ಹಾದುಹೋದಂತೆ ಕಾಣುತ್ತದೆ. ನಿಜದಲ್ಲಿ ಒಂದು ಹಗ್ಗದ ಎರಡೂ ತುದಿಗಳು ಎಡಕ್ಕೆ, ಇನ್ನೊಂದರ ಎರಡೂ ತುದಿಗಳು ಬಲಕ್ಕೆ ಇರುತ್ತವೆ. ಜೋಡಣೆಯನ್ನು ಬೆನ್ನ ಹಿಂದೆ, ಅಂಗಿಯ ಒಳಗೆ ಇಟ್ಟುಕೊಂಡು ತುದಿಗಳನ್ನು ಎಡಬಲದಲ್ಲಿ ನಿಂತ ಇಬ್ಬರಿಗೆ ಕೊಡಿ. ಬಳಿಕ ಇಬ್ಬರಿಂದಲೂ ಒಂದೊಂದು ತುದಿಯನ್ನು ಮರಳಿ ಪಡೆದು, ಹೊಟ್ಟೆಯ ಮುಂದೆ ಒಂಟಿ ಗಂಟು ಹಾಕಿ, ಎಡದಿಂದ ಬಂದದ್ದನ್ನು ಬಲದವರಿಗೂ ಬಲದಿಂದ ಬಂದದ್ದನ್ನು ಎಡದವರಿಗೂ ಕೊಟ್ಟುಬಿಡಬೇಕು. ಇಬ್ಬರೂ ಒಮ್ಮೆಗೇ ಎಳೆದಾಗ ದಾರ ಕಡಿದು, ಹಗ್ಗಗಳೆರಡೂ ನಿಮ್ಮ ಮುಂದೆ ನೆಟ್ಟಗೆ ಚಾಚಿಕೊಳ್ಳುತ್ತವೆ. ತುದಿಗಳು ಅದಲುಬದಲಾದದ್ದೇ ಇಡೀ ಗುಟ್ಟು, ಆದರೆ ಪ್ರೇಕ್ಷಕರು ಅದನ್ನು ಇನ್ನಷ್ಟು ಬಿಗಿಯಾಗಲೆಂದು ಹಾಕಿದ ಗಂಟು ಎಂದೇ ತಿಳಿಯುತ್ತಾರೆ. ದಾರ ಹತ್ತಿಯದೇ ಆಗಿರಬೇಕು. ಮೀನು ಹಿಡಿಯುವ ನೈಲಾನ್ ದಾರವನ್ನು ಕಟ್ಟಿಕೊಂಡರೆ ಅದು ಕಡಿಯದೆ ನಡು ಬಿಗಿಯುತ್ತದೆ. ಈ ಹಗ್ಗವನ್ನು ಕುತ್ತಿಗೆಗೆ ಸುತ್ತಿ ತೋರಿಸುವವರಿದ್ದಾರೆ. ನೀವು ಯಾವ ಕಾರಣಕ್ಕೂ ಹಾಗೆ ಮಾಡಬಾರದು, ಮಕ್ಕಳು ಮನೆಗೆ ಹೋಗಿ ಅದನ್ನೇ ಅನುಕರಿಸುತ್ತಾರೆ.

ಮೂರನೆಯದು ಕುರ್ಚಿಗೆ ಕಟ್ಟಿಸಿಕೊಳ್ಳುವುದು. ಇಲ್ಲಿ ಗುಟ್ಟಿನ ಹಗ್ಗವಾಗಲಿ ದಾರವಾಗಲಿ ಇಲ್ಲ; ಇರುವುದು ಸಡಿಲವನ್ನು ಕದಿಯುವ ಕಲೆ. ಹಗ್ಗ ಉದ್ದವಿದ್ದಷ್ಟೂ ನಿಮಗೆ ಅನುಕೂಲ, ಏಕೆಂದರೆ ಕಟ್ಟುವವರು ಮೊದಲ ಎರಡು ಸುತ್ತುಗಳನ್ನು ಎಷ್ಟೇ ಬಿಗಿದರೂ ಹತ್ತನೆಯ ಸುತ್ತಿನ ಹೊತ್ತಿಗೆ ದಣಿದಿರುತ್ತಾರೆ, ಮತ್ತು ಎಲ್ಲಿ ಒಂದು ಸುತ್ತು ಸಡಿಲವಾದರೂ ಆ ಸಡಿಲ ಉಳಿದ ಸುತ್ತುಗಳಿಗೂ ಹರಿಯುತ್ತದೆ. ಕಟ್ಟುವಾಗ ಉಸಿರೆಳೆದು ಎದೆ ಉಬ್ಬಿಸಿ, ತೋಳುಗಳನ್ನು ಬಿಗಿಹಿಡಿದು, ಬೆನ್ನನ್ನು ಕುರ್ಚಿಯಿಂದ ಒಂದೆರಡು ಬೆರಳಗಲ ಮುಂದಕ್ಕಿಟ್ಟುಕೊಳ್ಳಬೇಕು. ಮಣಿಕಟ್ಟು ಚಪ್ಪಟೆ ಆಕಾರದ್ದು. ಅಗಲದ ಬದಿ ಹಗ್ಗಕ್ಕೆ ಅಡ್ಡವಾಗುವಂತೆ ಹಿಡಿದು ಕಟ್ಟಿಸಿಕೊಂಡು ಆಮೇಲೆ ತಿರುಗಿಸಿದರೆ ಒಂದು ಬೆರಳು ನುಗ್ಗುವಷ್ಟು ಜಾಗ ಸಿಗುತ್ತದೆ. ಎಡದ ಮೇಲೆ ಬಲ, ಬಲದ ಮೇಲೆ ಎಡ ಎಂದು ಕ್ರಮವಾಗಿ ಹಾಕಿದ ಜೋಡಿಗಂಟಿನ ಒಂದು ತುದಿಯನ್ನು ಹಿಂದಕ್ಕೆ ಜೋರಾಗಿ ಎಳೆದು ನೆಟ್ಟಗೆ ಮಾಡಿದರೆ, ಇನ್ನೊಂದು ತುದಿ ಅದರ ಮೇಲೆ ಸುತ್ತಿಕೊಂಡ ಕುಣಿಕೆಯಾಗಿ ಮಾರ್ಪಟ್ಟು ಜಾರಿಬರುತ್ತದೆ ಎಂಬುದನ್ನೂ ಮನೆಯಲ್ಲಿ ಪರೀಕ್ಷಿಸಿ ನೋಡಿ.

ಆದರೆ ಎಲ್ಲರೂ ಜೋಡಿಗಂಟನ್ನೇ ಹಾಕುವುದಿಲ್ಲ. ಮಲ್ಪೆಯ ಹತ್ತಿರದ ಒಂದು ಗಣೇಶೋತ್ಸವದಲ್ಲಿ ನಾನು ಸಭೆಯ ಕಡೆಗೆ ನೋಡಿ, ಗಟ್ಟಿಮುಟ್ಟಾಗಿ ಕಂಡ ಒಬ್ಬರನ್ನು, "ಅಣ್ಣ, ನೀವೇ ಬನ್ನಿ, ಎಷ್ಟು ಬಿಗಿಯಾಗಿ ಬೇಕಾದರೂ ಕಟ್ಟಿ" ಎಂದು ಕರೆದೆ. ಅವರು ದೋಣಿಯಲ್ಲಿ ದುಡಿಯುವವರೆಂದು ತಿಳಿದದ್ದು ಮೂರನೆಯ ಸುತ್ತಿನ ಹೊತ್ತಿಗೆ. ಎಳೆದಷ್ಟೂ ಬಿಗಿಯುವ ಗಂಟುಗಳನ್ನು ಒಂದರ ಮೇಲೊಂದು ಹಾಕಿದರು. ಸಂಜೆಯ ತುಂತುರಿಗೆ ಹಗ್ಗವೂ ಒದ್ದೆಯಾಗಿತ್ತು. ಆರು ನಿಮಿಷ ಹೆಣಗಿದ ಮೇಲೆ ಸಹಾಯಕ ಬಂದು ಕತ್ತರಿಯಿಂದ ಬಿಡಿಸಬೇಕಾಯಿತು. "ಕಡಲಿನವರ ಗಂಟಿಗೆ ಜಾದೂ ಇಲ್ಲ ಮಾರಾಯ್ರೆ" ಎಂದು ನಾನೇ ಮೈಕಿನಲ್ಲಿ ಹೇಳಿದ್ದರಿಂದ ಸಭೆ ನಕ್ಕು ಕ್ಷಮಿಸಿತು. ಅಂದಿನಿಂದ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಸಭೆಯಲ್ಲಿ ಓಡಾಡಿ, ಊರಿನವರೆಲ್ಲ ಬಲ್ಲ ಮೇಷ್ಟ್ರನ್ನೋ ಬ್ಯಾಂಕಿನ ಉದ್ಯೋಗಿಯನ್ನೋ ನೋಡಿಟ್ಟುಕೊಳ್ಳುತ್ತೇನೆ. ಅವರಿಗೆ ಗುಟ್ಟು ಹೇಳಿಕೊಡುವುದಿಲ್ಲ. ಅವರು ನನ್ನ ಸ್ನೇಹಿತರಲ್ಲವೆಂಬುದು ಸಭೆಗೆ ಗೊತ್ತಿರುವುದೇ ಮುಖ್ಯ. ಕಟ್ಟುವ ಕೆಲಸಕ್ಕೆ ಪೂರ್ತಿ ಎರಡು ನಿಮಿಷ ಕೊಡಿ, ಗಂಟನ್ನು ಇನ್ನೊಬ್ಬರಿಂದ ಎಳೆದು ನೋಡಿಸಿ, ಮಕ್ಕಳಿಂದ ಸುತ್ತುಗಳನ್ನು ಎಣಿಸಿ. ಬಿಡಿಸಿಕೊಳ್ಳಲು ನಲವತ್ತು ಸೆಕೆಂಡಿಗಿಂತ ಕಡಿಮೆ ಹಿಡಿದರೆ ಕಾಯಿರಿ.

ಸಣ್ಣದೆಂದು ತೋರುವ ಇನ್ನೊಂದು ವಿಷಯವೆಂದರೆ ಮೈಕು. ಕೈ ಕಟ್ಟಿದ ಮೇಲೆ ಅದನ್ನು ಹಿಡಿಯುವವರು ಯಾರು? ಕಾಲರ್ ಮೈಕು ಇಲ್ಲದಿದ್ದರೆ ಸ್ಟ್ಯಾಂಡ್ ಕೇಳಿ ಪಡೆಯಿರಿ, ಇಲ್ಲವೇ ತುಳು ಮತ್ತು ಕನ್ನಡ ಎರಡರಲ್ಲೂ ಮಾತಾಡಬಲ್ಲ ಜೊತೆಗಾರರನ್ನು ಕರೆದೊಯ್ಯಿರಿ. ವೇದಿಕೆಯ ಬದಿಗಳಲ್ಲಿಯೂ ಹಿಂದೆಯೂ ಮಕ್ಕಳು ಹತ್ತಿ ಕುಳಿತಿರುತ್ತಾರೆ, ಬೆನ್ನ ಹಿಂದಿನ ದಾರ ಕಾಣುವುದು ಅವರಿಗೇ. ಹಿಂಬದಿಯ ಪರದೆ ಗಟ್ಟಿಯಿಲ್ಲದ ಕಡೆ ಎರಡನೆಯ ಆಟವನ್ನು ಕೈಬಿಡುವುದು ಲೇಸು. ಬಹುಮಾನ ವಿತರಣೆ ತಡವಾಗಿ, ನಿಮಗೆ ಹೇಳಿದ್ದ ನಲವತ್ತು ನಿಮಿಷ ಹದಿನೈದಕ್ಕಿಳಿಯುವುದು ಸಾಮಾನ್ಯವಾದ್ದರಿಂದ, ಯಾವುದನ್ನು ಬಿಡಬೇಕೆಂದು ಮನೆಯಲ್ಲೇ ನಿರ್ಧರಿಸಿರಿ.

ಬೀಗ ಮತ್ತು ಸರಪಳಿಯ ಆಟಗಳಿಗೆ ಬಂದರೆ, ಕಡಲ ಗಾಳಿಯ ಉಪ್ಪಿಗೆ ಬೀಗದೊಳಗಿನ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಕಳೆದ ತಿಂಗಳು ಸಲೀಸಾಗಿ ತೆರೆದುಕೊಂಡ ಬೀಗ ಇಂದು ತೆರೆಯದಿರಬಹುದು. ಅದೇ ಸಂಜೆ ಹತ್ತು ಸಲ ತೆರೆದು ಮುಚ್ಚಿ ನೋಡಬೇಕು, ಇನ್ನೊಂದು ಬೀಗದಕೈ ಸಹಾಯಕರ ಜೇಬಿನಲ್ಲಿರಬೇಕು.

ನೀರು, ಬೆಂಕಿ, ಮಣ್ಣಿನಡಿ ಹೂಳಿಸಿಕೊಳ್ಳುವುದು ಇವು ಹವ್ಯಾಸಿಗಳಿಗೆ ಸಲ್ಲವು. ಬಿಡಿಸಿಕೊಳ್ಳುವ ಆಟಗಳಿಗೆ ಹೆಸರಾದ ಅಮೆರಿಕದ ಜಾದೂಗಾರ ಹ್ಯಾರಿ ಹೂಡಿನಿ 1908ರಿಂದ ನೀರು ತುಂಬಿದ ಹಾಲಿನ ಕ್ಯಾನಿನಿಂದಲೂ 1912ರಿಂದ ತಲೆಕೆಳಗಾಗಿ ಇಳಿಸುವ ಗಾಜಿನ ತೊಟ್ಟಿಯಿಂದಲೂ ಹೊರಬಂದು ತೋರಿಸಿದರೆಂಬುದು ನಿಜ. ಆದರೆ ಆಟ ಕೆಟ್ಟರೆ ಗಾಜು ಒಡೆಯಲು ಕೊಡಲಿ ಹಿಡಿದ ಸಹಾಯಕರೂ ಅಲ್ಲಿ ಇರುತ್ತಿದ್ದರು. ಹೂಡಿನಿ ತೊಟ್ಟಿಯಲ್ಲೇ ಸತ್ತರೆಂಬ ಮಾತು ತಪ್ಪು. 1926ರಲ್ಲಿ ಅವರು ತೀರಿಕೊಂಡದ್ದು ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಸೋಂಕು ಹಬ್ಬಿದ್ದರಿಂದ. 1990ರಲ್ಲಿ ಅಮೆರಿಕದ ಜೋ ಬರಸ್ ತನ್ನನ್ನು ಪೆಟ್ಟಿಗೆಯಲ್ಲಿಟ್ಟು ಹೂಳಿಸಿಕೊಂಡಾಗ ಮೇಲೆ ಸುರಿದ ಮಣ್ಣು ಮತ್ತು ಒದ್ದೆ ಸಿಮೆಂಟಿನ ಭಾರಕ್ಕೆ ಪೆಟ್ಟಿಗೆಯೇ ಕುಸಿದು ಪ್ರಾಣ ಹೋಯಿತು. 2019ರ ಜೂನ್‌ನಲ್ಲಿ ಕೋಲ್ಕತ್ತದ ಜಾದೂಗಾರ ಚಂಚಲ್ ಲಾಹಿರಿ ಕೈಕಾಲು ಕಟ್ಟಿಸಿಕೊಂಡು ಹೂಗ್ಲಿ ನದಿಗಿಳಿದವರು ಜೀವಂತವಾಗಿ ಮೇಲೆ ಬರಲಿಲ್ಲ. ನೇತ್ರಾವತಿಯ ದಡದಲ್ಲೋ ಪಣಂಬೂರಿನ ಕಡಲಿನಲ್ಲೋ ಅದನ್ನು ಮಾಡಿ ತೋರಿಸಿ ಎಂದು ಸಂಘಟಕರು ಹುರಿದುಂಬಿಸಿದರೆ ಒಪ್ಪಬೇಡಿ. ಆಟ ಕೆಟ್ಟರೆ ನಗೆಪಾಟಲಾಗುವುದಷ್ಟೇ ಆಗಬೇಕು. ಅದಕ್ಕಿಂತ ಹೆಚ್ಚಿನ ಹಾನಿ ಆಗಬಹುದಾದ ಆಟ ನಿಮ್ಮ ಪಟ್ಟಿಯಲ್ಲಿ ಇರಲೇಬಾರದು. ಹಗ್ಗದ ಆಟದಲ್ಲಿಯೂ ಬೆರಳುಗಳು ಬಿಳಿಚಿಕೊಂಡರೆ ಅಥವಾ ಜುಮುಗುಟ್ಟಿದರೆ ತಕ್ಷಣ ನಿಲ್ಲಿಸಬೇಕು. ಅದಕ್ಕೆಂದು ಸಹಾಯಕರೊಂದಿಗೆ ಒಂದು ಸಂಕೇತದ ಮಾತನ್ನು ಗೊತ್ತುಮಾಡಿಕೊಂಡು, ಬ್ಯಾಂಡೇಜು ಕತ್ತರಿಸುವ ಮೊಂಡು ತುದಿಯ ಕತ್ತರಿಯನ್ನು ಅವರ ಬಳಿ ಇಟ್ಟಿರಬೇಕು.

ನಮ್ಮ ಪ್ರೇಕ್ಷಕರನ್ನು ಕುರಿತೂ ಎರಡು ಮಾತು. ಕುದ್ರೋಳಿ ಗಣೇಶರಂಥ ನುರಿತ ಜಾದೂಗಾರರನ್ನು ಇವರು ನೋಡಿದ್ದಾರೆ. ನರೇಂದ್ರ ನಾಯಕರ ಪವಾಡ ಬಯಲು ಕಾರ್ಯಕ್ರಮಗಳನ್ನು ಶಾಲೆಯಲ್ಲಿ ಕಂಡ ಮಕ್ಕಳು ಮುಂದಿನ ಸಾಲಿನಲ್ಲೇ ಕುಳಿತಿರಬಹುದು. ಮಂತ್ರಶಕ್ತಿಯ ಸೋಗು ಹಾಕದೆ, ಇದು ಅಭ್ಯಾಸದ ಕೈಚಳಕವೆಂದು ಮೊದಲೇ ಹೇಳಿಬಿಡುವುದರಿಂದ ಬೆರಗೇನೂ ಕಡಿಮೆಯಾಗುವುದಿಲ್ಲ. ದೈವದ ಆವೇಶವನ್ನು ಅನುಕರಿಸಿ ಹಗ್ಗ ಬಿಡಿಸಿಕೊಂಡಂತೆ ನಟಿಸುವುದಂತೂ ಬೇಡವೇ ಬೇಡ; ಇಲ್ಲಿ ಅದು ಜನರ ನಂಬಿಕೆಗೆ ಸೇರಿದ್ದು, ನಗಿಸುವ ಸರಕಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳು ಸುತ್ತುವರಿದು ಹಗ್ಗ ಮುಟ್ಟಿ ನೋಡಲು ಕೇಳುತ್ತಾರೆ. ಮೊದಲನೆಯ ಮತ್ತು ಮೂರನೆಯ ಆಟದ ಹಗ್ಗಗಳನ್ನು ಧಾರಾಳವಾಗಿ ಕೊಡಬಹುದು. ಎರಡನೆಯದರಲ್ಲಿ ಕಡಿದ ದಾರದ ತುಣುಕು ಹಗ್ಗಕ್ಕೆ ಅಂಟಿಕೊಂಡಿರುತ್ತದೆ, ಅದನ್ನು ಬೆರಳಿನಿಂದ ಸವರಿ ತೆಗೆದು ಆಮೇಲೆ ಕೊಡಿ. ಮನೆಗೆ ಬಂದೊಡನೆ ಹಗ್ಗಗಳನ್ನು ನೆರಳಿನಲ್ಲಿ ಹರವದಿದ್ದರೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ.