ಧನುರ್ಮಾಸದ ಬ್ಯಾಂಡು: ಕ್ರಿಸ್‌ಮಸ್ ಹಾಡುಗಳನ್ನು ಪುಕ್ಕಟೆ ಹಂಚಿದ ನನ್ನ ಅನುಭವ

ಧನುರ್ಮಾಸ ಶುರುವಾದರೆ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಬ್ಯಾಂಡ್‌ಸೆಟ್‌ಗೆ ಕೆಲಸ ಇಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಎಲ್ಲ ಕಡೆ ಇದೇ ಕತೆ. ಆ ತಿಂಗಳಲ್ಲಿ ನಮಗೆ ಸಿಗುವುದು ಇಗರ್ಜಿಯವರ ಕ್ಯಾರಲ್ (ಕ್ರಿಸ್‌ಮಸ್ ಹಾಡು) ಮಾತ್ರ. ಮನೆಮನೆಗೆ ಹೋಗಿ ಊದಬೇಕು. 24ರ ರಾತ್ರಿ ಬಲಿಪೂಜೆಗೆ (ಮಾಸ್) ಮೊದಲು ಇಗರ್ಜಿ ಅಂಗಳದಲ್ಲಿ ಊದಬೇಕು.

ಕೆಲಸ ಇತ್ತು, ಊದುವವರೂ ಇದ್ದರು. ಒಂದೊಂದು ವಾದ್ಯಕ್ಕೆ ಬೇರೆ ಬೇರೆಯಾಗಿ ಬರೆದಿಟ್ಟ ಪಾರ್ಟ್ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಆರು ಟ್ರಂಪೆಟ್ ನಿಂತರೆ ಆರೂ ಅದೇ ರಾಗ. ಯುಫೋನಿಯಂನವನೂ (ಅದು ದೊಡ್ಡ, ತಗ್ಗು ದನಿಯ ಹಿತ್ತಾಳೆ ವಾದ್ಯ) ಅದೇ ರಾಗವನ್ನು ಕೆಳಗಿನ ಸ್ಥಾಯಿಯಲ್ಲಿ ಊದುವುದು. ಸದ್ದು ಜಾಸ್ತಿ, ಸಂಗೀತ ಕಡಿಮೆ. ಈಗ ಅದೇ ಹುಡುಗರು ನಾಲ್ಕು ದನಿಯಲ್ಲಿ, ಅಂದರೆ ಒಟ್ಟಿಗೆ ಹೊಂದುವ ನಾಲ್ಕು ಬೇರೆ ಬೇರೆ ಸ್ವರಸಾಲುಗಳಲ್ಲಿ ಊದುತ್ತಾರೆ. ಎದುರಿಗೆ ಇಟ್ಟುಕೊಳ್ಳುವುದು ನಾನು ಬರೆದ ಹಾಳೆ. ಯಾರ ಹತ್ತಿರವೂ ಒಂದು ರೂಪಾಯಿ ತೆಗೆದುಕೊಂಡಿಲ್ಲ.

ನಾನು ಊದುವುದು ಯುಫೋನಿಯಂ. ಹೊಟ್ಟೆಪಾಡಿಗೆ ಶಿವಮೊಗ್ಗದ ದುರ್ಗಿಗುಡಿ ಕಡೆ ಒಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಎರಡೂ ಒಬ್ಬನ ಕೈಯಲ್ಲೇ ಇದ್ದದ್ದರಿಂದ ಇದು ಆಯಿತು ಅಂತ ನನ್ನ ಲೆಕ್ಕ. ಬರೀ ಊದುವವನಿಗೆ ಟೈಪಿಂಗ್ ಬೇಜಾರು, ಬರೀ ಟೈಪ್ ಮಾಡುವವನಿಗೆ ತುಟಿ ಸೋಲುವುದು ಅಂದರೆ ಏನು ಅಂತ ಗೊತ್ತಾಗುವುದಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ ಬ್ರಾಸ್ ಬ್ಯಾಂಡ್ (ಹಿತ್ತಾಳೆ ವಾದ್ಯಗಳ ತಂಡ) ಸ್ಕೋರ್ ಇಳಿಸಿಕೊಂಡೆ. ಬ್ರಿಟಿಷ್ ಮಾದರಿಯವು ಸುಮಾರು 25 ಜನರಿಗೆ ಬರೆದವು. ನಮ್ಮಲ್ಲಿ ಏಳು ಜನ ಸೇರಿದರೆ ಹಬ್ಬ. ಮಧ್ಯದ ದನಿಗಳು ಬಿಟ್ಟುಹೋದರೆ ಹಾಡು ಟೊಳ್ಳು ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ನಮ್ಮಲ್ಲಿ ಐದು ಗೆರೆಯ ನೊಟೇಶನ್ ಓದುವವರು ಇಬ್ಬರು ಮೂವರು. ಉಳಿದವರು ಕಿವಿಯಿಂದ ಕಲಿತವರು. ಒಬ್ಬ ಆಟೋ ಓಡಿಸುತ್ತಾನೆ, ಒಬ್ಬ ಗ್ಯಾರೇಜ್‌ನಲ್ಲಿದ್ದಾನೆ. ತೀರ್ಥಹಳ್ಳಿ ಕಡೆಯವರಿಗೆ ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು, ರಾತ್ರಿ ಹತ್ತು ಹನ್ನೊಂದರವರೆಗೆ ಸುಲಿಯುವ ಕೆಲಸ. ಒಟ್ಟಿಗೆ ಕೂತು ಪ್ರಾಕ್ಟೀಸ್ ಮಾಡುವ ಮಾತೇ ಇಲ್ಲ. ಹಾಳೆ ಅವರ ಮನೆಗೇ ಹೋಗಿ ಅಲ್ಲೇ ಕಲಿಸಬೇಕಿತ್ತು.

ಆಮೇಲೆ ಸರಿಗಮದಲ್ಲಿ ಬರೆದೆ. ನಮ್ಮ ಹಳೆಯ ಬ್ಯಾಂಡ್ ಮಾಸ್ಟರ್ ಒಬ್ಬರು ನೋಡಿ ನಕ್ಕರು. "ಕಾರ್ನೆಟ್‌ಗೆ ಸರಿಗಮ ಬರೆಯೋದು ಎಲ್ಲಿ ಕಂಡಿದೀಯ ಮಾರಾಯ? ಪುಕ್ಕಟೆ ಕೊಟ್ಟಿದ್ದನ್ನ ಯಾರೂ ಊದಲ್ಲ, ಬರೆದಿಟ್ಕೋ" ಅಂದರು. "ನೋಡೋಣ ಮಾಸ್ಟ್ರೇ" ಅಂದೆ ಅಷ್ಟೇ.

ಬರೀ ಸರಿಗಮ ಕೂಡ ನಡೆಯಲಿಲ್ಲ, ಅದು ನಿಜ. ಒಂದು ಕಾರಣ ಚುಕ್ಕೆ. ಮೇಲಿನ ಸ್ಥಾಯಿಗೆ ಅಕ್ಷರದ ಮೇಲೆ ಚುಕ್ಕೆ, ಕೆಳಗಿನದಕ್ಕೆ ಕೆಳಗೆ ಚುಕ್ಕೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಬೇರೆಯವರ ಫೋನಿನಲ್ಲಿ ಅಕ್ಷರವೇ ಕೆಟ್ಟು ಕಾಣುತ್ತಿತ್ತು. ಯುನಿಕೋಡ್‌ನಲ್ಲಿ ಹಾಕಿದರೆ ಚುಕ್ಕೆ ಪಕ್ಕದ ಅಕ್ಷರಕ್ಕೆ ಜಾರುತ್ತಿತ್ತು. ಜೆರಾಕ್ಸ್‌ನ ಜೆರಾಕ್ಸ್‌ನಲ್ಲಿ ಚುಕ್ಕೆ ಯಾವುದು, ಕೊಳೆ ಯಾವುದು ಗೊತ್ತಾಗುವುದಿಲ್ಲ. ಇನ್ನೊಂದು ಕಾರಣ, ಬೆರಳಿಗೆ ಸ್ವರ ಗೊತ್ತಿಲ್ಲ. ಬಾಯಲ್ಲಿ 'ಪ' ಹಾಡುತ್ತಾನೆ, ಕೈ ಯಾವ ವಾಲ್ವ್ (ವಾದ್ಯದ ಒತ್ತುಗುಂಡಿ) ಒತ್ತಬೇಕು ಅಂತ ಹುಡುಕುತ್ತದೆ.

ಅದಕ್ಕೆ ಪ್ರತಿ ಸ್ವರದ ಕೆಳಗೆ ವಾಲ್ವ್ ನಂಬರ್ ಹಾಕಿದೆ. ಬಿ ಫ್ಲ್ಯಾಟ್ ವಾದ್ಯದಲ್ಲಿ (ಟ್ರಂಪೆಟ್, ಅದರಂಥದ್ದೇ ಕಾರ್ನೆಟ್) ಸ ಅಂದರೆ 0, ಯಾವುದನ್ನೂ ಒತ್ತುವುದಿಲ್ಲ; ರಿ 1-3, ಒಂದು ಮತ್ತು ಮೂರು ಒಟ್ಟಿಗೆ; ಗ 1-2, ಮ 1, ಪ 0, ದ 1-2, ನಿ 2, ಮೇಲಿನ ಸ ಮತ್ತೆ 0. ಮೇಲಿನ ಸ್ಥಾಯಿಯಲ್ಲಿ ರಿ ಬರೀ 1, ಗ 0. ಹಾಗಾಗಿ ನಂಬರ್ ನೋಡಿದರೇ ಮೇಲೋ ಕೆಳಗೋ ಅಂತ ಅರ್ಧ ಗೊತ್ತಾಗಿಬಿಡುತ್ತದೆ. ಚುಕ್ಕೆ ತೆಗೆದೇ ಹಾಕಿದೆ. ಮೇಲಿನದು ದಪ್ಪ ಅಕ್ಷರ, ಕೆಳಗಿನದಕ್ಕೆ ಅಡಿಗೆರೆ. ಟೈಪ್ ಮಾಡಿದ್ದು ಎಕ್ಸೆಲ್‌ನಲ್ಲಿ, ಒಂದು ಎಣಿಕೆಗೆ ಒಂದು ಚೌಕ. ಅಲ್ಪವಿರಾಮ ಹಾಕಿ ಎಳೆಯುವ ಪದ್ಧತಿ ಸಂಗೀತ ಕಲಿತವರಿಗೆ ಸರಿ, ನಮ್ಮವರಿಗೆ ಖಾಲಿ ಚೌಕ ಕಂಡರೆ ಎಳೆಯಬೇಕು ಅಂತ ತಾನಾಗಿ ತಿಳಿಯುತ್ತದೆ.

ಯುಫೋನಿಯಂ, ಬ್ಯಾರಿಟೋನ್ ಎರಡಕ್ಕೂ ಅದೇ ನಂಬರ್, ಒಂದು ಸ್ಥಾಯಿ ಕೆಳಗೆ ಕೇಳುತ್ತದೆ ಅಷ್ಟೇ. ಬ್ರಿಟಿಷ್ ಬ್ರಾಸ್ ಬ್ಯಾಂಡಿನವರು ಹೆಚ್ಚುಕಮ್ಮಿ ಎಲ್ಲರಿಗೂ ಟ್ರೆಬಲ್ ಕ್ಲೆಫ್ ಅನ್ನುವ ಒಂದೇ ನೊಟೇಶನ್ ಗುರುತಿನಲ್ಲೇ ಬರೆಯುವುದು ಇದಕ್ಕೇ, ಒಂದು ವಾದ್ಯ ಬಿಟ್ಟು ಇನ್ನೊಂದು ಹಿಡಿದರೂ ಬೆರಳು ಬದಲಾಗುವುದಿಲ್ಲ. ಇ ಫ್ಲ್ಯಾಟ್ (E♭) ಶ್ರುತಿಯ ಆಲ್ಟೋ ಹಾರ್ನ್‌ಗೆ ಮಾತ್ರ ಬೇರೆ ಹಾಳೆ ಬೇಕು. ಸ್ವರ ಅದೇ, ನಂಬರ್ ಬೇರೆ. ಅಲ್ಲಿ ಮ 0, ಪ 1.

ಇನ್ನು ಶ್ರುತಿ. ಇದರಲ್ಲಿ ಜಗಳವೇ ಆಗಿದೆ. ನಮ್ಮ ಸ ಅಂದರೆ ಹಾರ್ಮೋನಿಯಂನ ಕಪ್ಪು 5, ಅಂದರೆ ಐದನೇ ಕಪ್ಪು ಕೀ (ಬಿ ಫ್ಲ್ಯಾಟ್). ಇಗರ್ಜಿಯ ಕೀಬೋರ್ಡ್ ಹುಡುಗ ಊದುವವರು ಬಂದಿದ್ದಾರೆ ಅಂತ ನೋಡುವುದಿಲ್ಲ, ಅದಕ್ಕಿಂತ ಎರಡು ಅರ್ಧಸ್ವರ ಮೇಲಿನ ಬಿಳಿ 1ರಲ್ಲಿ (ಸಿ) ಶುರು ಮಾಡುತ್ತಾನೆ. ಅವನ ಶ್ರುತಿಗೆ ನಾವು ಹೋದರೆ 'ಸೈಲೆಂಟ್ ನೈಟ್'ನ ತುತ್ತತುದಿಯ ಸ್ವರ ಟ್ರಂಪೆಟ್‌ನಲ್ಲಿ ನೊಟೇಶನ್‌ನ ಐದು ಗೆರೆಗಳ ಮೇಲೆ ಕೂರುವ ಎತ್ತರದ ಜಿ. ಹತ್ತು ಮನೆ ಸುತ್ತಿ ಬಂದ ತುಟಿಗೆ ಅದು ಬರುವುದಿಲ್ಲ. ಕಪ್ಪು 5ರಲ್ಲಿ ಅದೇ ಜಾಗ ಎಫ್, ಬರುತ್ತದೆ. ಕೀಬೋರ್ಡ್‌ನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಮೈನಸ್ 2 ಇಟ್ಟರೆ ಮುಗಿಯಿತು, ಅವನ ಬೆರಳು ಬದಲಾಗಬೇಕಾಗಿಲ್ಲ. ಈಗ ಪ್ರತಿ ಹಾಳೆಯ ತಲೆಮೇಲೆ ಅದನ್ನೇ ದೊಡ್ಡದಾಗಿ ಬರೆದಿದ್ದೇನೆ.

ಎಲ್ಲ ಹಾಡೂ ಒಂದೇ ಶ್ರುತಿ. ಇದನ್ನು ಓದುವ ಪಂಡಿತರಿಗೆ ಕೋಪ ಬರಬಹುದು. ಆದರೆ ಶ್ರುತಿ ಬದಲಿಸಿದರೆ ಅದೇ 'ಪ'ಗೆ ಬೇರೆ ನಂಬರ್, ಹುಡುಗರು ಅಲ್ಲೇ ಕೈಬಿಡುತ್ತಾರೆ. ಶುರು ಮಾಡಿಸುವುದು 'ಜಿಂಗಲ್ ಬೆಲ್ಸ್'ನಿಂದ, ಅದೂ ಪಲ್ಲವಿ ಮಾತ್ರ. ಸ ದಿಂದ ಪ ವರೆಗೆ ಐದೇ ಸ್ವರ. ಚರಣ ಕೆಳಗಿನ ಪ ಕೇಳುತ್ತದೆ, ಹೊಸಬರಿಗೆ ಅಲ್ಲಿ ಗಾಳಿ ಮಾತ್ರ ಬರುತ್ತದೆ, ಹಾಗಾಗಿ ಕತ್ತರಿ. ಆಮೇಲೆ 'ಜಾಯ್ ಟು ದಿ ವರ್ಲ್ಡ್'. ಅದರ ಮೊದಲ ಸಾಲು ಶಂಕರಾಭರಣದ ಅವರೋಹಣವೇ, ಮೇಲಿನ ಸ ದಿಂದ ಕೆಳಗಿನ ಸ ವರೆಗೆ ಇಳಿಯುವುದು. ಪೂರ್ತಿ ಹಾಡು ಒಂದೇ ಸ್ಥಾಯಿಯೊಳಗೆ ಮುಗಿಯುತ್ತದೆ. 'ಸೈಲೆಂಟ್ ನೈಟ್' ಎಲ್ಲರಿಗೂ ಸುಲಭ ಅನ್ನಿಸುತ್ತದೆ, ಊದಿದಾಗಲೇ ಗೊತ್ತಾಗುವುದು.

ಪುಕ್ಕಟೆ ಹಂಚಲು ಹಕ್ಕು ಇದೆಯಾ ಅಂತ ಕೇಳಿದವರಿದ್ದಾರೆ. ಮೂಲ ಹಾಡುಗಳು ಹಳೆಯವು. 'ಸೈಲೆಂಟ್ ನೈಟ್' 1818ರದು, ರಾಗ ಹಾಕಿದ ಗ್ರೂಬರ್ ತೀರಿಕೊಂಡದ್ದು 1863ರಲ್ಲಿ. 'ಜಿಂಗಲ್ ಬೆಲ್ಸ್' 1857ರದು. ನಮ್ಮ ಕಾನೂನಿನಲ್ಲಿ ರಚನೆಕಾರ ಸತ್ತು 60 ವರ್ಷ ಕಳೆದರೆ ಹಕ್ಕು ಮುಗಿಯಿತು. ಆದರೆ ಬೇರೊಬ್ಬರು ಈಚೆಗೆ ಮಾಡಿದ ಅರೇಂಜ್‌ಮೆಂಟ್ (ವಾದ್ಯಗಳಿಗೆ ಹೊಂದಿಸಿ ಬರೆದದ್ದು) ಅವರದೇ, ಅದನ್ನು ಎತ್ತಿಕೊಳ್ಳುವಂತಿಲ್ಲ. ಅದಕ್ಕೇ ನಾಲ್ಕೂ ದನಿ ನಾನೇ ಕೂತು ಬರೆದೆ. ಸಿನಿಮಾ ಹಾಡು ಬರೆದುಕೊಡಿ ಅಂತ ಬಂದವರನ್ನು ವಾಪಸ್ ಕಳಿಸಿದೆ. ಧಾರ್ಮಿಕ ಸಮಾರಂಭದಲ್ಲಿ, ಮದುವೆ ಮೆರವಣಿಗೆಯಲ್ಲಿ ಬಾರಿಸಲು ಕಾನೂನಿನಲ್ಲಿ ವಿನಾಯಿತಿ ಇದೆ. ಬರೆದು ಹಂಚುವುದು ಬೇರೆ ಮಾತು.

ನಾಲ್ಕು ದನಿ ಬರೆಯುವಾಗ ನಾನು ಇಟ್ಟುಕೊಂಡ ನಿಯಮ ಒಂದೇ: ಮೊದಲನೇ ದನಿ ಮತ್ತು ಉಳಿದದ್ದರಲ್ಲಿ ಯಾವುದಾದರೂ ಒಂದು, ಇಬ್ಬರೇ ಊದಿದರೂ ಹಾಡು ನಿಲ್ಲಬೇಕು. ಮೂವರು ಬಂದರೆ ಇನ್ನೂ ಚೆನ್ನಾಗಿ ನಿಲ್ಲಬೇಕು. ಯಾರು ಬರುತ್ತಾರೆ, ಯಾರು ಬಸ್ ತಪ್ಪಿಸಿಕೊಳ್ಳುತ್ತಾರೆ ಅಂತ ಹೇಳಲು ಬರುವುದಿಲ್ಲವಲ್ಲ. ಎರಡನೇ, ನಾಲ್ಕನೇ ದನಿ ಬರೆಯುವುದು ಕಷ್ಟವಿಲ್ಲ. ಮೂರನೆಯದು ಯಾವುದರ ಜೊತೆ ಸೇರಿದರೂ ಅಪಸ್ವರ ಬರದ ಹಾಗೆ ಮಾಡುವುದೇ ಕೆಲಸ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ. ಹಾಳೆ ಪುಕ್ಕಟೆ, ಗುಟ್ಟು ನನ್ನದು. ಒಂದು ಮಾತ್ರ ಹೇಳುತ್ತೇನೆ: ಕೆಳಗಿನ ರಿ ಉದ್ದಕ್ಕೆ ಎಳೆಯುವ ಜಾಗ ಯಾರಿಗೂ ಕೊಡಬೇಡಿ. 1-3 ಒತ್ತಿದರೆ ಆ ಸ್ವರ ಯಾವಾಗಲೂ ಸ್ವಲ್ಪ ಏರುತ್ತದೆ. ಕಡಿಮೆ ಬೆಲೆಯ ಟ್ರಂಪೆಟ್‌ನಲ್ಲಿ ಅದನ್ನು ಇಳಿಸಲು ಮೂರನೇ ವಾಲ್ವ್‌ನ ಸ್ಲೈಡ್ (ಜಾರುವ ಕೊಳವೆ) ಜರುಗಿಸುವ ಉಂಗುರವೂ ಇರುವುದಿಲ್ಲ.

ಇಷ್ಟಾದರೂ ಹಾಳೆ ಮಾತ್ರ ಕಳಿಸಿದ ವರ್ಷ ಹೆಚ್ಚಿನವರು ತೆರೆದೂ ನೋಡಲಿಲ್ಲ. ತಿರುವು ಸಿಕ್ಕಿದ್ದು ಆಡಿಯೋದಿಂದ. ಮ್ಯೂಸ್‌ಸ್ಕೋರ್ ನೊಟೇಶನ್ ಬರೆದು ಕೇಳಿಸುವ ಪುಕ್ಕಟೆ ಸಾಫ್ಟ್‌ವೇರ್, ಅದರಲ್ಲಿ ನಾಲ್ಕೂ ದನಿ ಹಾಕಿ ಒಂದೊಂದು ದನಿಗೆ ಒಂದೊಂದು ಎಂಪಿ3 ತೆಗೆದೆ. ಯಾರಿಗೆ ಕಳಿಸುತ್ತೇನೋ ಅವನ ದನಿ ಜೋರು, ಉಳಿದದ್ದು ಸಣ್ಣಗೆ, ಮೊದಲು ನಾಲ್ಕು ಎಣಿಕೆ, ನಿಧಾನದ್ದು ಒಂದು, ನಿಜವಾದ ವೇಗದ್ದು ಒಂದು. ಅಡಿಕೆ ಸುಲಿಯುತ್ತಾ ಕಿವಿಗೆ ಹಾಕಿಕೊಂಡು ಕೇಳಿದರು. ವಾದ್ಯ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಹಾಡು ತಲೆಯಲ್ಲಿ ಕೂತಿತ್ತು. ಫೈಲ್ ಒಂದು ಎಂಬಿ ಒಳಗೆ ಇಟ್ಟೆ. ಹೊಸನಗರದ ಆ ಕಡೆ, ಆಗುಂಬೆ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಹೇಳಬೇಕಾ? ಹಾಳೆಯನ್ನು ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ, ಮಸುಕಾಗುತ್ತದೆ. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಅಂತ ಕಳಿಸಿ.

ದುಡ್ಡಿನ ವಿಷಯ. ಲ್ಯಾಮಿನೇಷನ್‌ಗೇ ಎರಡು ಸಾವಿರದ ಹತ್ತಿರ ಹೋಯಿತು, ನನ್ನ ಅಂಗಡಿ ರೇಟಿನಲ್ಲೇ. ವೇಸ್ಟ್. ರಾತ್ರಿ ಟಾರ್ಚ್ ಬಿಟ್ಟರೆ ಹಾಳೆ ಫಳಫಳ ಹೊಳೆಯುತ್ತದೆ, ಒಂದಕ್ಷರ ಕಾಣುವುದಿಲ್ಲ. ಇಂಕ್‌ಜೆಟ್ ಪ್ರಿಂಟ್ ಇಬ್ಬನಿಗೆ ಹರಡಿ ಹೋಯಿತು. ಕೊನೆಗೆ ಉಳಿದದ್ದು ದಪ್ಪ ಕಾಗದದ ಮೇಲೆ ಮಾಮೂಲಿ ಜೆರಾಕ್ಸ್, ಟೋನರ್ ನೀರಿಗೆ ಹರಡುವುದಿಲ್ಲ. ಹಿಡಿಯಲು ಬಟ್ಟೆ ಕ್ಲಿಪ್ಪು, ತಂತಿ. ಒಬ್ಬರ ಸೆಟ್‌ಗೆ ಹದಿನೈದು ಇಪ್ಪತ್ತು ರೂಪಾಯಿ ಬೀಳುತ್ತದೆ. ಎಲ್ಲ ಸೇರಿ ನನ್ನ ಕೈಯಿಂದ ಆರೇಳು ಸಾವಿರ ಹೋಗಿರಬಹುದು, ರಾತ್ರಿ ಕೂತ ಕರೆಂಟು ಬಿಟ್ಟು.

ಬಂದದ್ದು? ಮೊದಲು ಒಂದು ಸಂಜೆಯ ಕ್ಯಾರಲ್‌ಗೆ ತಂಡಕ್ಕೆ ಐದು ಸಾವಿರದ ಆಸುಪಾಸು ಕೊಡುತ್ತಿದ್ದರು, ಅದರಲ್ಲೂ ಚೌಕಾಸಿ. ಹೋದ ವರ್ಷ ಎಂಟು ಸಾವಿರಕ್ಕೆ ಮಾತಾಡದೆ ಒಪ್ಪಿದರು, ಮೇಲೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಬೇರೆ. ಪುಕ್ಕಟೆ ಹಂಚಿದರೆ ಬುಕಿಂಗ್ ಬೇರೆಯವರ ಪಾಲಾಗುತ್ತದೆ ಅಂತ ನಮ್ಮ ಸೆಟ್‌ನವರೇ ಬೈದಿದ್ದರು. ಆದದ್ದು ಉಲ್ಟಾ. ಭದ್ರಾವತಿಯವರಿಗೆ ಒಬ್ಬ ಕಡಿಮೆಯಾದರೆ ನಮ್ಮವನು ಹೋಗುತ್ತಾನೆ, ನಮಗೆ ಬೇಕಾದರೆ ಸಾಗರದವನು ಬರುತ್ತಾನೆ. ಎಲ್ಲರದೂ ಒಂದೇ ಹಾಳೆ, ರಿಹರ್ಸಲ್ ಬೇಡ. ಒಂದೇ ರಾತ್ರಿ ಎರಡು ಕಡೆ ಬುಕಿಂಗ್ ಹಿಡಿದದ್ದೂ ಉಂಟು.

ನಡುವೆ ಬೇರೆ ಬೇರೆ ಪ್ರಯೋಗ ಮಾಡಿದೆ. ಸ್ಲೈಡ್ ಟ್ರಾಂಬೋನ್‌ಗೆ ಅದೇ ಹಾಳೆ ಕೊಟ್ಟು, 0 ಇದ್ದರೆ ಒಂದನೇ ಪೊಸಿಷನ್ (ಸ್ಲೈಡ್ ನಿಲ್ಲಿಸುವ ಜಾಗ), 2 ಇದ್ದರೆ ಎರಡನೆಯದು, 1 ಇದ್ದರೆ ಮೂರನೆಯದು, 1-2 ನಾಲ್ಕನೆಯದು, 1-3 ಆರನೆಯದು ಅಂತ ಹೇಳಿಕೊಟ್ಟೆ. ಹುಡುಗ ಸ್ಲೈಡ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಂಡ. ಕೆಲಸ ಮಾಡಿತು. ಗಣಪತಿ ಮೆರವಣಿಗೆಗೆ ದೇವರನಾಮ ಬರೆಯಲು ಹೋದದ್ದು ಅಷ್ಟು ಸರಿ ಬರಲಿಲ್ಲ. ವಾಲ್ವ್ ಅರ್ಧ ಒತ್ತಿ ಗಮಕ (ಸ್ವರದ ಅಲುಗಾಟ) ತರಲು ನೋಡಿದೆವು, ಬೆಕ್ಕು ಕೂಗಿದ ಹಾಗೆ ಕೇಳಿತು. ಟ್ರಾಂಬೋನ್‌ನಲ್ಲಿ ಪರವಾಗಿಲ್ಲ. ಯುಫೋನಿಯಂ ಬರೀ ಸ ಹಿಡಿದು ತಂಬೂರಿಯ ಹಾಗೆ ನಿಂತರೆ ಮೇಲಿನ ರಾಗ ಚೆನ್ನಾಗಿ ಕೂರುತ್ತದೆ, ಅದೊಂದು ಉಳಿಸಿಕೊಂಡಿದ್ದೇನೆ.

ಚಳಿಯ ಬಗ್ಗೆ ಒಂದು ಮಾತು. ಡಿಸೆಂಬರ್ ರಾತ್ರಿ ವಾದ್ಯ ತಣ್ಣಗಾದರೆ ಶ್ರುತಿ ಇಳಿಯುತ್ತದೆ, ಕೀಬೋರ್ಡ್ ಇಳಿಯುವುದಿಲ್ಲ. ನಮ್ಮ ಟ್ಯೂನಿಂಗ್ ಸ್ಲೈಡ್ ಪೂರ್ತಿ ಒಳಗೆ ತಳ್ಳಿದರೂ ಸಾಲಲಿಲ್ಲ. ಸದ್ದು ಮಾಡದೆ ವಾದ್ಯದೊಳಗೆ ಬಿಸಿ ಉಸಿರು ಬಿಡುತ್ತಾ ಇರಬೇಕು, ಮೌತ್‌ಪೀಸ್ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಕೆಲವು ಕೀಬೋರ್ಡ್‌ಗಳಲ್ಲಿ ಶ್ರುತಿಯನ್ನು ಸ್ವಲ್ಪವೇ ಇಳಿಸುವ ಟ್ಯೂನ್ ಸೆಟ್ಟಿಂಗ್ ಇರುತ್ತದೆ, ಹುಡುಗನನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ.

ನಕ್ಕಿದ್ದ ಆ ಮಾಸ್ಟರು ಈಗ ತಮ್ಮ ಹುಡುಗರಿಗೆ ನನ್ನ ಹಾಳೆಯನ್ನೇ ಕೊಡುತ್ತಾರೆ. ಮೂರನೇ ದನಿಯಲ್ಲಿ ಎರಡು ಕಡೆ ತಿದ್ದಿದ್ದಾರೆ ಅಂತ ಕೇಳಿದೆ. ತರಿಸಿ ನೋಡಿದೆ. ಒಂದು ತಿದ್ದುಪಡಿ ಚೆನ್ನಾಗಿದೆ, ಸೇರಿಸಿಕೊಂಡೆ. ಇನ್ನೊಂದು ಬೇಡ. ಬರುವ ನವೆಂಬರ್‌ನಲ್ಲಿ, ಕೊಯ್ಲು ಜೋರಾಗುವ ಮೊದಲೇ ಹೊಸ ಸೆಟ್ ಕಳಿಸುತ್ತೇನೆ. ಅದರಲ್ಲಿ ಇ ಫ್ಲ್ಯಾಟ್ (E♭) ಬಾಸ್‌ಗೂ ಬೇರೆ ಹಾಳೆ ಇರುತ್ತದೆ.