26ಕ್ಕ ಬಿ.ಕಾಂ ಸೇರಿದ ದಲ್ಲಾಳಿ ಅಂಗಡಿ ಗುಮಾಸ್ತನ ಅನುಭವ

ಪಿಯುಸಿ ಮುಗಿಸಿ ಎಂಟು ವರ್ಷ ಬ್ಯಾಡಗಿ ಮಾರ್ಕೆಟ್‌ನ್ಯಾಗ ಒಂದು ಮೆಣಸಿನಕಾಯಿ ದಲ್ಲಾಳಿ ಅಂಗಡ್ಯಾಗ ಬರೆಯೋ ಕೆಲಸ ಮಾಡಿದವ ನಾ. ರೈತರಿಗೆ ಪಟ್ಟಿ ಬರಿಯೋದು, ಹಮಾಲಿ ಲೆಕ್ಕ, ಉದ್ರಿ ವಸೂಲಿ, ರಾತ್ರಿ ಶಿಲ್ಕು (ಕೈಯಾಗ ಉಳಿದ ರೊಕ್ಕ) ತಾಳೆ ನೋಡೋದು, ಇಷ್ಟ. 2017 ಜುಲೈ 1ಕ್ಕ ಜಿಎಸ್‌ಟಿ ಬಂತು ನೋಡ್ರಿ, ನಮ್ಮ ಹಳೇ ದಿವಾಣಜಿ ಕಾಕಾರು ಕೀರ್ದಿ-ಖತಾವಣಿ (ಕೈಯಿಂದ ಬರಿಯೋ ಲೆಕ್ಕದ ಪುಸ್ತಕ) ಒಳಗ ಭಾಳ ಪಕ್ಕಾ ಮನುಷ್ಯಾರು ಆದ್ರ ಕಂಪ್ಯೂಟರ್ ನನಗ ಬ್ಯಾಡಪಾ ಅಂದ್ಬಿಟ್ರು, ಹಂಗಾಗಿ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್), ಬಿಲ್ಲು, ರಿಟರ್ನ್ ಎಲ್ಲಾ ನನ್ನ ತಲಿಗೆ ಬಂತು. ತಿಂಗಳಾ ಹುಬ್ಬಳ್ಳಿ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಫೀಸಿಗೆ ಪೆನ್‌ಡ್ರೈವ್ ತಗೊಂಡು ಹೋಗ್ತಿದ್ದೆ. ಅಲ್ಲಿ ನನಗಿಂತ ಸಣ್ಣ ಹುಡುಗ್ರು ನಾ ಹಾಕಿದ ಲೆಕ್ಕ ತಿದ್ದೋರು, ಯಾಕ ತಿದ್ದಿದ್ರಿ ಅಂದ್ರ ಸೆಕ್ಷನ್ ನಂಬರ್ ಹೇಳೋರು. ಲೆಕ್ಕ ನನಗೂ ಬರ್ತಿತ್ತು, ಸೆಕ್ಷನ್ ಬರ್ತಿರಲಿಲ್ಲ. ಓದಬೇಕು ಅನಿಸಿದ್ದು ಅಲ್ಲೇ.

2018ಕ್ಕ ಹಾವೇರಿಯೊಳಗ ಬಿ.ಕಾಂ ಸೇರಿದೆ. ಆಗ ಹಾವೇರಿಗೆ ಬೇರೆ ಯುನಿವರ್ಸಿಟಿ ಇರಲಿಲ್ಲ, ನಂದು ಧಾರವಾಡ ಕರ್ನಾಟಕ ವಿವಿ ಡಿಗ್ರಿ. ಕಾಲೇಜ್ ಆಫೀಸಿನ್ಯಾಗ ಕ್ಲರ್ಕ್ "ಸಹಿ ಮಾಡಾಕ ತಮ್ಮನ್ನ ಕರ್ಕೊಂಡು ಬರ್ರಿ" ಅಂದ್ರು, "ನಂದ ಅಡ್ಮಿಶನ್‌ರಿ" ಅಂದೆ, ಮುಂದ ಯಾರೂ ಕೇಳಲಿಲ್ಲ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಮೋಟೆಬೆನ್ನೂರು ಮ್ಯಾಲೆ ಬಸ್ ಹಿಡಿದು ವಾಪಸ್ ಅಂಗಡಿ. ಮೆಣಸಿನಕಾಯಿ ಟೆಂಡರ್ (ವ್ಯಾಪಾರಸ್ಥರು ದರ ಬರಿಯೋದು) ಇದ್ದ ದಿನ ದರ ಗೊತ್ತಾಗೋದು, ತೂಕ ಆಗೋದು ಎಲ್ಲಾ ಮಧ್ಯಾಹ್ನದ ಮ್ಯಾಲೇ, ಆದ್ದರಿಂದ ಹೆಂಗೋ ನಡೀತು. ಸಾಹುಕಾರ್ರು ಪಗಾರ ಸ್ವಲ್ಪ ಕಡಿಮಿ ಮಾಡಿದ್ರು, ಬಿಡಿಸಲಿಲ್ಲ, ಅದು ದೊಡ್ಡ ಉಪಕಾರ.

ಡಿಗ್ರಿ ಮುಗಿದಾಗ ನನಗ 29. ಮನ್ಯಾಗ ಎಲ್ಲಾರೂ ಬ್ಯಾಂಕ್ ಎಕ್ಸಾಮ್ ಬರಿ ಅಂತ ಹಿಂದ ಬಿದ್ರು. ಆದ್ರ ತಡವಾಗಿ ಬಂದವ್ರಿಗೆ ಮೊದ್ಲ ಮುಚ್ಚೋ ಬಾಗಿಲು ಅದ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯೊಳಗ ಕ್ಲರ್ಕ್‌ಗೆ 28, ಪಿಒಗೆ (ಆಫೀಸರ್ ಹುದ್ದೆ) 30 ವರ್ಷ ಕೊನಿ, ಒಬಿಸಿಗೆ ಮೂರು ವರ್ಷ, ಎಸ್‌ಸಿ-ಎಸ್‌ಟಿಗೆ ಐದು ವರ್ಷ ಸಡಿಲಿಕೆ ಐತಿ. ಒಂದೆರಡು ಸಲ ಬರ್ಯೋದ್ರೊಳಗ ವಯಸ್ಸು ದಾಟಿ ಹೋಗಿರ್ತೈತಿ. ಸಿಎಗೆ ಮೇಲಿನ ವಯೋಮಿತಿ ಇಲ್ಲ. ಕಾಮರ್ಸ್ ಡಿಗ್ರಿಯೊಳಗ 55 ಪರ್ಸೆಂಟ್ ಇದ್ರ ಸಿಎ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬಿಟ್ಟು ಸೀದಾ ಎರಡನೇ ಹಂತದ ಇಂಟರ್‌ಗೆ ಹೋಗಬಹುದು. ನಾ ಅದನ್ನ ಹಿಡಿದೆ.

ಇಂಟರ್ ಬಗ್ಗೆ ಹೇಳಬೇಕಂದ್ರ, ಅಂಗಡಿ ಅನುಭವ ಪರೀಕ್ಷೆಗೆ ಏನೂ ಉಪಯೋಗ ಆಗಂಗಿಲ್ಲ, ಖರೇ ಮಾತು. ನಾ ಬರೆದಾಗ ಎಂಟು ಪೇಪರ್ ಇದ್ವು, 2024ರ ಮೇ ಇಂದ ಆರು ಆಗ್ಯಾವ. ಪ್ರತಿ ಪೇಪರ್‌ಗೆ 40, ಗ್ರೂಪ್ (ಪೇಪರ್‌ಗಳನ್ನ ಎರಡು ಗುಂಪು ಮಾಡಿರ್ತಾರ) ಒಟ್ಟು 50 ಪರ್ಸೆಂಟ್ ಬೇಕು, ಅಂದ್ರ ಎಲ್ಲಾದ್ರಾಗೂ 40 ತಗೊಂಡವನೂ ಫೇಲ್. ಮ್ಯಾಲೆ ಪರೀಕ್ಷೆ ಇಂಗ್ಲಿಷ್ ಇಲ್ಲಾ ಹಿಂದಿಯೊಳಗ ಅಷ್ಟ. ಕನ್ನಡ ಮೀಡಿಯಂನವನಿಗೆ ಅಕೌಂಟ್ಸ್ ತ್ರಾಸ ಆಗಲಿಲ್ಲ, ಅಂಕಿಗೆ ಭಾಷಾ ಬೇಕಾಗಂಗಿಲ್ಲ. ಲಾ ಪೇಪರ್ ಮಾತ್ರ ಜೀವ ತಿಂತು. ನಾ ಮಾಡಿದ್ದು ಇಷ್ಟ: ಒಂದು ಸೆಕ್ಷನ್ ಓದೋದು, ಪುಸ್ತಕ ಮುಚ್ಚಿ ಕನ್ನಡದಾಗ ನನಗ ನಾನ ಹೇಳ್ಕೊಳ್ಳೋದು, ಆಮ್ಯಾಲೆ ಕಾನೂನಿನ ಅವೇ ಶಬ್ದ ಹಾಕಿ ಇಂಗ್ಲಿಷ್‌ನ್ಯಾಗ ಕೈಯಿಂದ ಬರಿಯೋದು. ವಿಡಿಯೋ ನೋಡಿದ್ರ ತಿಳೀತು ಅನಿಸ್ತೈತಿ, ಬರ್ಯಾಕ ಕುಂತ್ರ ಒಂದು ಸಾಲೂ ಬರಂಗಿಲ್ಲ.

ಅನುಭವ ಕೈ ಹಿಡಿದದ್ದು ಆರ್ಟಿಕಲ್‌ಶಿಪ್ (ಸಿಎ ಕೈಕೆಳಗ ಮಾಡೋ ಕಡ್ಡಾಯ ತರಬೇತಿ) ಒಳಗ. ಒಬ್ಬ ದಲ್ಲಾಳಿ ವ್ಯಾಪಾರಸ್ಥರ ಸ್ಟಾಕ್ ನೋಡಾಕ ಕೋಲ್ಡ್ ಸ್ಟೋರೇಜಿಗೆ ಹೋಗಿದ್ವಿ. ಜೋಡಿ ಇದ್ದ ಹುಡುಗ್ರು ಸ್ವೆಟರ್ ಹಾಕ್ಕೊಂಡು ಚೀಲ ಎಣಿಸಿದ್ರು, ರಿಜಿಸ್ಟರ್ ಜೊತಿ ಕೂಡಿ ಬಂತು, ಮುಗೀತು ಅಂದ್ರು. ನನ್ನ ಕಣ್ಣು ಚೀಲದ ಮ್ಯಾಲಿನ ಮಾರ್ಕಿನ ಮ್ಯಾಲೆ ಹೋತು, ಕೆಲವು ಲಾಟ್‌ನ್ಯಾಗ ಊರ ಹೆಸರು, ರೈತರ ಅಡ್ಡಹೆಸರಿನ ಅಕ್ಷರ ಇದ್ವು. ದರ ಬರಲಿ ಅಂತ ರೈತರು ದಲ್ಲಾಳಿ ಹೆಸರಿನ್ಯಾಗ ಮಾಲು ಇಡೋದು ನಮ್ಮ ಕಡೆ ಮಾಮೂಲು. ಚೀಲ ಐತಿ, ತೂಕ ಐತಿ, ಮಾಲು ಮಾತ್ರ ಆ ವ್ಯಾಪಾರಸ್ಥರದಲ್ಲ, ಅದನ್ನ ಅವರ ಬ್ಯಾಲೆನ್ಸ್ ಶೀಟ್‌ನ್ಯಾಗ ತೋರ್ಸಾಕ ಬರಂಗಿಲ್ಲ. ಆಡಿಟ್ ಪುಸ್ತಕದಾಗ ಇದಕ್ಕ ರೈಟ್ಸ್ ಅಂಡ್ ಆಬ್ಲಿಗೇಶನ್ಸ್ (ಮಾಲು ಖರೇನ ಅವರದೇ ಏನು ಅಂತ ನೋಡೋದು) ಅಂತಾರ, ಹುಡುಗ್ರಿಗೆ ಅದು ಬಾಯಿಪಾಠ ಇತ್ತು. ಅವತ್ತಿಂದ ನಮ್ಮ ಸಿಎ ಸರ್ ಮಾರ್ಕೆಟ್ ಕಡಿ ಫೈಲ್ ಎಲ್ಲಾ ನನಗ ಕೊಡಾಕ ಶುರು ಮಾಡಿದ್ರು.

ರೊಕ್ಕದ ವಿಷಯ ಯಾರೂ ಮೊದ್ಲ ಹೇಳಂಗಿಲ್ಲ. ಆರ್ಟಿಕಲ್‌ಶಿಪ್‌ಗೆ ಕೊಡೋ ಸ್ಟೈಪೆಂಡ್ ನನ್ನ ಅಂಗಡಿ ಪಗಾರದ ಅರ್ಧನೂ ಇರಲಿಲ್ಲ, ಪರ್ಮಿಶನ್ ಇಲ್ಲದ ಬೇರೆ ಕೆಲಸ ಹಿಡಿಯಂಗೂ ಇಲ್ಲ. 21ರ ಹುಡುಗನಿಗೆ ಅಪ್ಪ ರೂಮ್ ಬಾಡಿಗಿ ಕೊಡ್ತಾನ, 29ರವ ಮನಿಗೆ ಕಳಿಸಬೇಕು. ನಾ ಮೊದ್ಲೇ ಒಂದಿಷ್ಟು ಕೂಡಿಟ್ಟಿದ್ದೆ, ಉಳಿದದ್ದು ಅವ್ವನ ಎರಡು ಎಮ್ಮಿ ನಡೆಸಿದ್ವು. ಆಗ ಆರ್ಟಿಕಲ್‌ಶಿಪ್ ಮೂರು ವರ್ಷ, ಈಗಿನ ಸ್ಕೀಮ್‌ನ್ಯಾಗ ಎರಡ ವರ್ಷ, ನಮ್ಮಂಥವ್ರಿಗೆ ಅದು ಭಾಳ ದೊಡ್ಡ ಫರಕ.

ಈಗ ಹುಬ್ಬಳ್ಳಿ ಗೋಕುಲ್ ರೋಡ್ ಕಡೆ ಒಂದು ಫ್ಯಾಕ್ಟರಿಯ ಫೈನಾನ್ಸ್‌ನ್ಯಾಗ ಅದೀನಿ. ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್, ಡ್ರಾಯಿಂಗ್ ಪವರ್ (ಸ್ಟಾಕ್ ಮ್ಯಾಲೆ ಬ್ಯಾಂಕಿಂದ ಎಷ್ಟು ರೊಕ್ಕ ತೆಗೀಬಹುದು ಅನ್ನೋ ಲೆಕ್ಕ), ಮುಂದಿನ ತಿಂಗಳ ಕ್ಯಾಶ್ ಫ್ಲೋ ನನ್ನ ಕೆಲಸ. ಮ್ಯಾನೇಜರ್ ನನಗಿಂತ ಸಣ್ಣವ್ರು, ನಾ ಸರ್ ಅಂತೀನಿ, ಅವ್ರು ಅಣ್ಣಾರ ಅಂತಾರ, ಇಬ್ಬರಿಗೂ ರೂಢಿ ಆಗೇತಿ. ಇಂಟರ್‌ವ್ಯೂದಾಗ ಎಂಟು ವರ್ಷದ ಬಗ್ಗೆ ಕೇಳೇ ಕೇಳ್ತಾರ. ನಾ ರೆಸ್ಯೂಮೆಯೊಳಗ ಗ್ಯಾಪ್ ಅಂತ ಬಿಡಲಿಲ್ಲ, ಉದ್ರಿ ವಸೂಲಿ, ದಿನದ ಶಿಲ್ಕು, ಜಿಎಸ್‌ಟಿ ರಿಟರ್ನ್ ಅಂತ ಕೆಲಸದ ಹೆಸರ ಬರೆದೆ, ಮಾತೆಲ್ಲಾ ಉದ್ರಿ ವಸೂಲಿ ಮ್ಯಾಲೇ ನಡೀತು. ಸಿಎ ಕೊನಿ ಹಂತ ಫೈನಲ್‌ನ್ಯಾಗ ಒಂದು ಗ್ರೂಪ್ ಇನ್ನೂ ಉಳದೈತಿ, ಬೆಳಿಗ್ಗೆ ಓದ್ತೀನಿ.

27-28 ಆಗಿ ಈಗ ಡಿಗ್ರಿ ಸೇರೋರು ಮೊದಲ ಸೆಮಿಸ್ಟರ್‌ನಿಂದನ ಆ 55 ಪರ್ಸೆಂಟ್ ಮ್ಯಾಲೆ ಕಣ್ಣಿಡ್ರಿ. ಪಾಸಾದ್ರ ಸಾಕು ಅಂತ 50ಕ್ಕ ನಿಂತ್ರ ಮತ್ತ ಫೌಂಡೇಶನ್ ಬರಿಬೇಕಾಗ್ತೈತಿ, ಇಪ್ಪತ್ತರ ಹುಡುಗ್ರಿಗೆ ಅದು ನಡೀತೈತಿ, ನಮಗ ಟೈಮ್ ಇಲ್ಲ.